ಲೆಕ್ಕಕ್ಕೂ ಒಂದು ಸನದ್

(ಸಂಘದ ವಾರ್ಷಿಕ ಸಮಾವೇಶದ ವಿದ್ಯಾರ್ಥಿ ಗೋಷ್ಠಿಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)



ಸಂಖ್ಯಾಶಾಸ್ತ್ರದ ಬಗ್ಗೆ ಮಾತಾಡಬೇಕೆಂದು ಕಾರ್ಯದರ್ಶಿಗಳು ಹೇಳಿದಾಗ ನಾನು ವಿಷಯವನ್ನು ಸ್ವಲ್ಪ ಕಿರಿದು ಮಾಡಿಕೊಂಡೆ. ಸಂಖ್ಯಾಶಾಸ್ತ್ರದ ಲೆಕ್ಕವೊಂದನ್ನು ಮೌಸ್ ಮುಟ್ಟದೆ, ಕಪ್ಪು ಪರದೆಯ ಮೇಲೆ ಒಂದೇ ಒಂದು ಸಾಲು ಟೈಪ್ ಮಾಡಿ ನಡೆಸುವುದು ಹೇಗೆ, ಅದರಿಂದ ಏನು ಪ್ರಯೋಜನ, ಇಷ್ಟೇ ನನ್ನ ವಿಷಯ. ಇದು ಬಿ.ಎಸ್ಸಿ. ಓದುವ ಮಕ್ಕಳಿಗೆ ಸಂಬಂಧಪಟ್ಟದ್ದು ಎಂದು ಹಿರಿಯರು ದಯವಿಟ್ಟು ಎದ್ದು ಹೋಗಬೇಡಿ. ನಾವು ವರ್ಷ ವರ್ಷ ಕೊಡುವ ವಿದ್ಯಾರ್ಥಿವೇತನದ ಪಟ್ಟಿಗೂ ಈ ಕಪ್ಪು ಪರದೆಗೂ ನೇರ ಸಂಬಂಧ ಇದೆ. ಅದನ್ನೇ ಹೇಳಲು ಬಂದಿದ್ದೇನೆ.

ನಮ್ಮ ವೇದಿಕೆಗಳಲ್ಲಿ ಅಂಕಿ-ಅಂಶಗಳಿಗೆ ಬರವಿಲ್ಲ. ನ್ಯಾಯಮೂರ್ತಿ ರಾಜಿಂದರ್ ಸಾಚಾರ್ ಸಮಿತಿ 2005ರ ಮಾರ್ಚ್‌ನಲ್ಲಿ ನೇಮಕವಾಗಿ 2006ರ ನವೆಂಬರ್‌ನಲ್ಲಿ ವರದಿ ಕೊಟ್ಟ ಮೇಲಂತೂ ಪ್ರತಿ ಭಾಷಣದಲ್ಲೂ ಒಂದೆರಡು ಶೇಕಡಾವಾರು ಇದ್ದೇ ಇರುತ್ತದೆ. 2001ರ ಜನಗಣತಿಯ ಪ್ರಕಾರ ದೇಶದ ಮುಸ್ಲಿಮರ ಸಾಕ್ಷರತೆ ಶೇ. 59.1 ಎಂಬುದನ್ನು ನೀವೂ ಕೇಳಿರುತ್ತೀರಿ. ಸಂಖ್ಯೆ ಸರಿಯಾಗಿಯೇ ಇದೆ. ಆದರೆ ಯಾರ ಪೈಕಿ ಶೇ. 59.1? ಇಡೀ ಜನಸಂಖ್ಯೆಯ ಪೈಕಿ ಅಲ್ಲ, 7 ವರ್ಷ ಮತ್ತು ಅದಕ್ಕೆ ಮೇಲ್ಪಟ್ಟವರ ಪೈಕಿ. 1981ರವರೆಗಿನ ಜನಗಣತಿಗಳು 5 ವರ್ಷದಿಂದ ಲೆಕ್ಕ ಹಿಡಿಯುತ್ತಿದ್ದವು. 1991ರಿಂದ ಅದು 7 ಆಯಿತು. ಇದನ್ನು ಗಮನಿಸದೆ ಹಳೆಯ ಸಂಖ್ಯೆ ಮತ್ತು ಹೊಸ ಸಂಖ್ಯೆಯನ್ನು ಪಕ್ಕಪಕ್ಕ ಇಟ್ಟರೆ ಪ್ರಗತಿ ಇದ್ದುದಕ್ಕಿಂತ ಹೆಚ್ಚಾಗಿ ಕಾಣುತ್ತದೆ. ಅದೇ 2001ರಲ್ಲಿ ಕರ್ನಾಟಕದ ಮುಸ್ಲಿಮರ ಸಾಕ್ಷರತೆ ರಾಜ್ಯದ ಒಟ್ಟು ಸರಾಸರಿಗಿಂತ ಮೇಲಿತ್ತು. ಈ ಮಾತು ನಮ್ಮ ಭಾಷಣಗಳಲ್ಲಿ ಅಷ್ಟಾಗಿ ಕೇಳಿಸುವುದಿಲ್ಲ, ಯಾಕೋ!

ಹದೀಸ್ ಶಾಸ್ತ್ರದ ಪರಿಚಯ ಇರುವ ನಮಗೆ ಇದು ಹೊಸ ಸಮಸ್ಯೆಯೇ ಅಲ್ಲ. ಪ್ರವಾದಿ(ಸ)ಯವರ ಮಾತು ಎಂದು ಯಾರಾದರೂ ಹೇಳಿದರೆ ಇಮಾಮ್ ಬುಖಾರಿ(ರ)ಯಂತಹ ವಿದ್ವಾಂಸರು ಮಾತಿನ ಅಂದಕ್ಕೆ ಮಾರುಹೋಗಲಿಲ್ಲ. ನೀನು ಯಾರಿಂದ ಕೇಳಿದೆ, ಅವರು ಯಾರಿಂದ ಕೇಳಿದರು ಎಂದು ಒಬ್ಬೊಬ್ಬರಾಗಿ ಹಿಂದಕ್ಕೆ ವಿಚಾರಿಸಿದರು. ಆ ಸರಪಳಿಯೇ ಸನದ್. ನಡುವೆ ಒಂದು ಕೊಂಡಿ ಕಡಿದಿದ್ದರೆ ಆ ವರದಿಯನ್ನು ದುರ್ಬಲ ಎಂದು ಬದಿಗಿಟ್ಟರು. ಅಂಕಿ-ಅಂಶಕ್ಕೂ ಹಾಗೆಯೇ ಒಂದು ಸನದ್ ಬೇಕು ಎನ್ನುವುದು ನನ್ನ ವಾದ. ಮೂಲ ಮಾಹಿತಿ ಯಾವುದು, ಅದರಿಂದ ಯಾರನ್ನು ಬಿಟ್ಟಿರಿ, ಯಾವುದನ್ನು ಯಾವುದರಿಂದ ಭಾಗಿಸಿದಿರಿ, ಕೊನೆಯ ಸಂಖ್ಯೆ ಹೇಗೆ ಬಂತು, ಇವಿಷ್ಟೂ ಬರಹದಲ್ಲಿರಬೇಕು. ಬಾಯಿಮಾತಿನಲ್ಲಿ ಅಲ್ಲ. ಕುರ್‌ಆನಿನ ಅತ್ಯಂತ ಉದ್ದದ ಆಯತ್ ಯಾವುದರ ಬಗ್ಗೆ ಎಂದು ಮದ್ರಸಾದ ಮಕ್ಕಳನ್ನು ಕೇಳಿ ನೋಡಿ. ಅಲ್-ಬಕರ ಸೂರಾದ 282ನೆಯ ಆಯತ್. ಸಾಲದ ವ್ಯವಹಾರವನ್ನು ಬರೆದಿಡುವುದರ ಬಗ್ಗೆ ಅದು.

ಬರೆದಿಡದ ಲೆಕ್ಕ ಎಲ್ಲಿಗೆ ಮುಟ್ಟುತ್ತದೆ ಎನ್ನುವುದಕ್ಕೆ ದೊಡ್ಡವರ ಉದಾಹರಣೆಯೊಂದನ್ನು ಕೊಡುತ್ತೇನೆ. 2010ರಲ್ಲಿ ಅಮೆರಿಕದ ಇಬ್ಬರು ಹೆಸರಾಂತ ಅರ್ಥಶಾಸ್ತ್ರಜ್ಞರು, ಕಾರ್ಮೆನ್ ರೈನ್‌ಹಾರ್ಟ್ ಮತ್ತು ಕೆನೆತ್ ರೋಗಾಫ್, ಒಂದು ಪ್ರಬಂಧ ಪ್ರಕಟಿಸಿದರು. ದೇಶದ ಸಾಲ ಅದರ ಒಟ್ಟು ಉತ್ಪನ್ನದ ಶೇ. 90 ದಾಟಿದರೆ ಬೆಳವಣಿಗೆ ಕುಸಿಯುತ್ತದೆ, ಸರಾಸರಿ ಸೊನ್ನೆಗಿಂತಲೂ ಕೆಳಗೆ, ಅಂದರೆ ಶೇ. -0.1ಕ್ಕೆ ಹೋಗುತ್ತದೆ ಎಂಬುದು ಅದರ ಸಾರ. ಸರ್ಕಾರದ ಖರ್ಚು ಕಡಿತ ಮಾಡಬೇಕೆನ್ನುವ ರಾಜಕಾರಣಿಗಳು ಯುರೋಪಿನಲ್ಲೂ ಅಮೆರಿಕದಲ್ಲೂ ಇದನ್ನು ಎತ್ತಿ ಹಿಡಿದರು. 2013ರಲ್ಲಿ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಒಬ್ಬ ವಿದ್ಯಾರ್ಥಿ, ಥಾಮಸ್ ಹರ್ನ್‌ಡನ್, ಕ್ಲಾಸಿನ ಅಭ್ಯಾಸಕ್ಕಾಗಿ ಅದೇ ಲೆಕ್ಕವನ್ನು ಮತ್ತೆ ಮಾಡಲು ಹೊರಟ. ಎಷ್ಟು ಸಲ ಮಾಡಿದರೂ ಉತ್ತರ ತಾಳೆಯಾಗಲಿಲ್ಲ. ಕೊನೆಗೆ ಲೇಖಕರಿಂದಲೇ ಎಕ್ಸೆಲ್ ಫೈಲ್ ತರಿಸಿಕೊಂಡು ನೋಡಿದರೆ, ಸರಾಸರಿಯ ಸೂತ್ರ ಕೊನೆಯ ಸಾಲಿನವರೆಗೆ ಹೋಗಿರಲೇ ಇಲ್ಲ. ಐದು ದೇಶಗಳು ಹೊರಗೆ ಉಳಿದಿದ್ದವು. ಕೆಲವು ವರ್ಷಗಳ ಮಾಹಿತಿ ಬಿಟ್ಟದ್ದು, ದೇಶಗಳಿಗೆ ತೂಕ ಕೊಟ್ಟ ರೀತಿ, ಇವೂ ಸೇರಿ ಉತ್ತರ ಕೆಳಗಿಳಿದಿತ್ತು. ಎಲ್ಲವನ್ನೂ ಸರಿಪಡಿಸಿದಾಗ ಹರ್ನ್‌ಡನ್ ಮತ್ತು ಅವನ ಅಧ್ಯಾಪಕರಿಗೆ ಬಂದ ಸರಾಸರಿ ಶೇ. 2.2. ಎಕ್ಸೆಲ್ ತಪ್ಪನ್ನು ಲೇಖಕರು ಒಪ್ಪಿಕೊಂಡರು, ತಮ್ಮ ಒಟ್ಟು ತೀರ್ಮಾನವನ್ನು ಮಾತ್ರ ಬಿಟ್ಟುಕೊಡಲಿಲ್ಲ. ಆ ಚರ್ಚೆ ಅರ್ಥಶಾಸ್ತ್ರದವರಿಗಿರಲಿ. ನಾವು ಗಮನಿಸಬೇಕಾದದ್ದು ಬೇರೆ. ತಪ್ಪು ಮೂರು ವರ್ಷ ಎಲ್ಲರ ಕಣ್ಣೆದುರಿಗೇ ಇತ್ತು. ಆದರೆ ಲೆಕ್ಕದ ಹೆಜ್ಜೆಗಳು ಓದಲು ಸಿಗುವ ರೂಪದಲ್ಲಿ ಇರಲಿಲ್ಲ.

ಈಗ ನಮ್ಮ ಮನೆಗೆ ಬರೋಣ. ವಿದ್ಯಾರ್ಥಿವೇತನಕ್ಕೆ 400 ಅರ್ಜಿ ಬಂದಿವೆ ಎಂದಿಟ್ಟುಕೊಳ್ಳಿ. ಹುಡುಗರಿಬ್ಬರು ಕುಳಿತು ಎಕ್ಸೆಲ್‌ನಲ್ಲಿ ಏರಿಸುತ್ತಾರೆ. ಯಾರೋ ಅಂಕದ ಕಾಲಂ ಒಂದನ್ನೇ ಆಯ್ಕೆ ಮಾಡಿ ಮೇಲಿನಿಂದ ಕೆಳಕ್ಕೆ ಜೋಡಿಸುತ್ತಾರೆ. ಪಕ್ಕದ ಕಾಲಂಗಳನ್ನೂ ಸೇರಿಸಬೇಕೇ ಎಂದು ಎಕ್ಸೆಲ್ ಕೇಳುತ್ತದೆ, ಅವಸರದಲ್ಲಿ ಬೇಡ ಎಂದು ಒತ್ತಿಬಿಡುತ್ತಾರೆ. ಅಷ್ಟಕ್ಕೆ ಅಂಕಗಳೆಲ್ಲ ಸರಿದು ಯಾರದೋ ಅಂಕ ಯಾರದೋ ಹೆಸರಿನ ಮುಂದೆ ಕುಳಿತುಕೊಳ್ಳುತ್ತವೆ. ಪಟ್ಟಿ ನೋಡಲು ಚೆನ್ನಾಗಿಯೇ ಇರುತ್ತದೆ! ಒಂದು ವಾರದ ಮೇಲೆ ಮೀನು ಮಾರುವ ತಂದೆಯೊಬ್ಬರು ಮಗಳ ಅಂಕಪಟ್ಟಿ ಹಿಡಿದು ಕಚೇರಿಗೆ ಬಂದು, ನನ್ನ ಮಗಳ ಹೆಸರು ಯಾಕಿಲ್ಲ ಸಾಹೇಬರೇ ಎಂದು ಕೇಳಿದರೆ ಏನು ತೋರಿಸುತ್ತೀರಿ? ಎಕ್ಸೆಲ್ ಹಾಳೆಯಲ್ಲಿ ಇವತ್ತಿನ ಸ್ಥಿತಿ ಇದೆ, ಅಲ್ಲಿಗೆ ಬಂದ ದಾರಿ ಇಲ್ಲ. ಅದೂ ಝಕಾತ್ ನಿಧಿಯಿಂದ ಕೊಡುವ ಹಣವಾದರೆ, ಅದು ಅರ್ಹರಿಗೇ ಮುಟ್ಟಿತು ಎಂದು ಹೇಳುವ ಹೊಣೆ ಸಮಿತಿಯ ಕೊರಳಿಗೇ ಬೀಳುತ್ತದೆ.

ಸ್ಕ್ರಿಪ್ಟ್ ಎಂದರೆ ಆ ದಾರಿಯನ್ನು ಬರೆದಿಡುವುದು. ಒಂದು ಸಾದಾ ಪಠ್ಯದ ಫೈಲ್. ಮೊದಲ ಸಾಲು ಅರ್ಜಿಗಳ ಮೂಲ ಫೈಲನ್ನು ಓದುತ್ತದೆ, ಅದನ್ನು ಮುಟ್ಟುವುದಿಲ್ಲ. ಮುಂದಿನ ಸಾಲುಗಳು ಆದಾಯದ ಮಿತಿ ನೋಡುತ್ತವೆ, ಶೇಕಡಾ ಅಂಕ ತೆಗೆಯುತ್ತವೆ, ಸರದಿಯಲ್ಲಿ ನಿಲ್ಲಿಸುತ್ತವೆ. ಕೊನೆಯ ಸಾಲು ಆಯ್ಕೆಪಟ್ಟಿಯನ್ನು ಬೇರೆಯೇ ಫೈಲಿನಲ್ಲಿ ಬರೆಯುತ್ತದೆ. ಎಸ್ಸೆಸ್ಸೆಲ್ಸಿಗೆ 625 ಅಂಕ, ಪಿಯುಸಿಗೆ 600 ಎನ್ನುವುದು ಯಾರ ತಲೆಯಲ್ಲೂ ಉಳಿಯಬೇಕಾಗಿಲ್ಲ, ಸ್ಕ್ರಿಪ್ಟಿನಲ್ಲೇ ಇರುತ್ತದೆ. ಆದಾಯದ ಮಿತಿಯನ್ನು ಸಮಿತಿ ಬದಲಾಯಿಸಿದರೆ ಒಂದು ಸಾಲು ಬದಲಾಗುತ್ತದೆ, ಬದಲಾದದ್ದು ಎಲ್ಲರಿಗೂ ಕಾಣುತ್ತದೆ.

ನಮ್ಮ ವಾರ್ಷಿಕ ಸಂಚಿಕೆಗಳಲ್ಲಿ ಅಲ್-ಖ್ವಾರಿಝ್ಮಿಯವರ ಹೆಸರು ಬಾರದ ವರ್ಷವಿಲ್ಲ. ಅಲ್ಗಾರಿದಂ ಎಂಬ ಪದ ಅವರ ಹೆಸರಿನಿಂದ ಬಂತು ಎಂದು ಹೆಮ್ಮೆ ಪಡುತ್ತೇವೆ. ಆದರೆ ಅವರ ಬೀಜಗಣಿತದ ಗ್ರಂಥದಲ್ಲಿ ದೊಡ್ಡದೊಂದು ಭಾಗ ಆಸ್ತಿ ಪಾಲಿನ ಲೆಕ್ಕಗಳಿಗೆ ಮೀಸಲಾಗಿದೆ ಎನ್ನುವುದನ್ನು ಯಾರೂ ಬರೆಯುವುದಿಲ್ಲ. ಚಿಹ್ನೆಗಳಿಲ್ಲದ ಆ ಕಾಲದಲ್ಲಿ ಅವರು ಪ್ರತಿಯೊಂದು ಹೆಜ್ಜೆಯನ್ನೂ ಮಾತಿನಲ್ಲಿ ಬರೆದರು: ಇದನ್ನು ತೆಗೆದುಕೊ, ಇಷ್ಟು ಕಳೆ, ಉಳಿದದ್ದನ್ನು ಹೀಗೆ ಹಂಚು. ಓದಿದವರು ಯಾರೇ ಆದರೂ ಅದೇ ಉತ್ತರಕ್ಕೆ ಬರುವಂತೆ. ಸ್ಕ್ರಿಪ್ಟ್ ಎಂದು ನಾನು ಹೇಳುತ್ತಿರುವುದು ಇದನ್ನೇ.

ಇದಕ್ಕೆ ಬೇಕಾದ ತಂತ್ರಾಂಶಕ್ಕೆ ದುಡ್ಡು ಕೊಡಬೇಕಾಗಿಲ್ಲ. ಆರ್ ಎಂಬ ಭಾಷೆ ಇದೆ. ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾಲಯದ ರಾಸ್ ಇಹಾಕಾ ಮತ್ತು ರಾಬರ್ಟ್ ಜೆಂಟಲ್‌ಮನ್ 1990ರ ದಶಕದ ಆರಂಭದಲ್ಲಿ ಇದನ್ನು ಕಟ್ಟಿದರು. 1995ರಲ್ಲಿ ಮುಕ್ತ ತಂತ್ರಾಂಶವಾಗಿ ಬಿಡುಗಡೆ ಮಾಡಿದರು. ಬೆಲ್ ಲ್ಯಾಬ್ಸ್‌ನಲ್ಲಿ ಜಾನ್ ಚೇಂಬರ್ಸ್ ಮತ್ತಿತರರು 1976ರಲ್ಲಿ ಶುರು ಮಾಡಿದ ಎಸ್ ಎಂಬ ಭಾಷೆ ಇದಕ್ಕೆ ಮಾದರಿ. ಹಳೆಯ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ. ಪೈಥಾನ್ ಗೊತ್ತಿರುವವರು ಪೈಥಾನಿನಲ್ಲೇ ಮಾಡಬಹುದು, ಜಗಳವಿಲ್ಲ.

ಆರ್ ಅನ್ನು ಎರಡು ರೀತಿ ಬಳಸಬಹುದು. ತೆರೆದಿಟ್ಟುಕೊಂಡು ಒಂದೊಂದೇ ಸಾಲು ಕೊಟ್ಟು ಉತ್ತರ ನೋಡುತ್ತಾ ಹೋಗುವುದು ಒಂದು. ಕಲಿಯುವಾಗ, ಮಾಹಿತಿಯನ್ನು ತಡಕಾಡುವಾಗ ಇದೇ ಒಳ್ಳೆಯದು. ಆದರೆ ಇದರಲ್ಲಿ ಒಂದು ಮೋಸವಿದೆ. ನಿನ್ನೆ ಮಾಡಿದ ಲೆಕ್ಕದ ತುಣುಕುಗಳು ನೆನಪಿನಲ್ಲಿ ಉಳಿದಿರುತ್ತವೆ. ಮುಚ್ಚುವಾಗ ಉಳಿಸಲೇ ಎಂದು ಕೇಳಿದ್ದಕ್ಕೆ ಹೌದು ಎಂದಿದ್ದರೆ ಇವತ್ತು ಮತ್ತೆ ಬಂದು ಕೂರುತ್ತವೆ. ನಿಮ್ಮ ಸ್ಕ್ರಿಪ್ಟಿನಲ್ಲಿ ಒಂದು ಸಾಲು ಬಿಟ್ಟುಹೋಗಿದ್ದರೂ ನಿನ್ನೆಯ ತುಣುಕಿನಿಂದ ಲೆಕ್ಕ ಸಾಗುತ್ತದೆ. ನಿಮ್ಮ ಯಂತ್ರದಲ್ಲಿ ಸರಿ, ಬೇರೆಯವರ ಯಂತ್ರದಲ್ಲಿ ಇಲ್ಲ. ಎರಡನೆಯ ರೀತಿಯೇ ಕಮಾಂಡ್ ಲೈನ್. ವಿಂಡೋಸ್‌ನಲ್ಲಿ ಕಮಾಂಡ್ ಪ್ರಾಂಪ್ಟ್, ಲಿನಕ್ಸ್‌ನಲ್ಲಿ ಟರ್ಮಿನಲ್ ತೆರೆದು, ಸ್ಕ್ರಿಪ್ಟ್ ಇರುವ ಫೋಲ್ಡರಿಗೆ ಹೋಗಿ, ಆರ್‌ಸ್ಕ್ರಿಪ್ಟ್ ಎಂದು ಟೈಪ್ ಮಾಡಿ, ಒಂದು ಜಾಗ ಬಿಟ್ಟು ಫೈಲಿನ ಹೆಸರು ಕೊಟ್ಟು ಎಂಟರ್ ಒತ್ತುವುದು. ಅಷ್ಟೇ. ಇಂಗ್ಲಿಷಿನಲ್ಲಿ ಬರೆಯುವಾಗ ಮೊದಲ ಅಕ್ಷರ ದೊಡ್ಡದು, ಉಳಿದವು ಚಿಕ್ಕವು. ಲಿನಕ್ಸ್ ಇದರಲ್ಲಿ ಬಹಳ ಕಟ್ಟುನಿಟ್ಟು. ಈ ಆರ್‌ಸ್ಕ್ರಿಪ್ಟ್ 2007ರಲ್ಲಿ ಬಂದದ್ದು. ಅದು ಹಳೆಯ ನೆನಪನ್ನು ಎತ್ತಿಕೊಳ್ಳದೆ ಖಾಲಿ ತಲೆಯಿಂದ ಶುರು ಮಾಡುತ್ತದೆ. ಬರೆದದ್ದನ್ನು ಮೇಲಿನಿಂದ ಕೆಳಗಿನವರೆಗೆ ಓದುತ್ತದೆ, ಬರೆಯದ್ದನ್ನು ಊಹಿಸುವುದಿಲ್ಲ. ನನ್ನ ಮಟ್ಟಿಗೆ ಇದೇ ಅದರ ದೊಡ್ಡ ಗುಣ. ಅದಕ್ಕೂ ಮೊದಲಿನ ಬ್ಯಾಚ್ ವಿಧಾನ ಈಗಲೂ ಇದೆ. ಆಜ್ಞೆ ಮತ್ತು ಉತ್ತರ ಎರಡನ್ನೂ ಒಂದೇ ಫೈಲಿನಲ್ಲಿ ಬರೆದಿಡುವುದರಿಂದ ದಾಖಲೆಗೆ ಒಳ್ಳೆಯದು. ಆದರೆ ಬೇಡ ಎಂದು ಹೇಳದಿದ್ದರೆ ಅದು ಹಳೆಯ ನೆನಪನ್ನು ಎತ್ತಿಕೊಳ್ಳುತ್ತದೆ, ಹುಷಾರು.

ಮೊದಲ ದಿನ ನಿಮಗೆ ಆಗುವ ಅನುಭವವನ್ನು ಈಗಲೇ ಹೇಳಿಬಿಡುತ್ತೇನೆ. ವಿಂಡೋಸ್‌ನಲ್ಲಿ ಎಂಟರ್ ಒತ್ತಿದ ಕೂಡಲೇ, ಇಂತಹ ಆಜ್ಞೆ ತನಗೆ ಗೊತ್ತಿಲ್ಲ ಎಂಬ ಅರ್ಥದ ಸಾಲು ಬರುತ್ತದೆ. ಹೆದರಬೇಡಿ. ಆರ್ ಅನ್ನು ಎಲ್ಲಿ ಹುಡುಕಬೇಕೆಂದು ಕಂಪ್ಯೂಟರಿಗೆ ಗೊತ್ತಿಲ್ಲ, ಅಷ್ಟೇ. ಪ್ರೋಗ್ರಾಂ ಫೈಲ್ಸ್ ಒಳಗೆ ಆರ್ ಫೋಲ್ಡರು, ಅದರೊಳಗೆ ಆವೃತ್ತಿಯ ಹೆಸರಿನದು, ಅದರೊಳಗೆ ಬಿನ್ ಎಂಬುದು. ಆ ವಿಳಾಸವನ್ನು ವಿಂಡೋಸ್‌ನ ಪಾತ್ ಎಂಬ ಪಟ್ಟಿಗೆ ಸೇರಿಸಬೇಕು. ಹೊಸ ಆವೃತ್ತಿ ಹಾಕಿಕೊಂಡಾಗ ವಿಳಾಸವೂ ಬದಲಾಗುತ್ತದೆ. ಪವರ್‌ಶೆಲ್ ಬಳಸುವವರಿಗೆ ಇನ್ನೊಂದು ತಮಾಷೆ ಕಾದಿದೆ: ಅಲ್ಲಿ ಬರೀ ಆರ್ ಎಂದು ಒತ್ತಿದರೆ ಭಾಷೆ ತೆರೆಯುವುದಿಲ್ಲ, ಹಿಂದಿನ ಆಜ್ಞೆ ಮತ್ತೊಮ್ಮೆ ನಡೆಯುತ್ತದೆ!

ಫೈಲಿನ ಹೆಸರಿನ ಮುಂದೆ ಇನ್ನೊಂದು ಜಾಗ ಬಿಟ್ಟು ವರ್ಷವನ್ನೂ ಕೊಡಬಹುದು. ಒಂದೇ ಸ್ಕ್ರಿಪ್ಟ್, 2024 ಎಂದರೆ ಆ ವರ್ಷದ ಅರ್ಜಿ, 2025 ಎಂದರೆ ಅದರ ಮರುವರ್ಷದ್ದು. ಒಳಗೆ ಅದನ್ನು ಹಿಡಿದುಕೊಳ್ಳಲು ಕಮಾಂಡ್‌ಆರ್ಗ್ಸ್ ಎಂಬ ಫಂಕ್ಷನ್ ಇದೆ. ಆದರೆ ನೀವು ಕೊಟ್ಟ 2025 ಅದರ ಕೈಗೆ ಸಂಖ್ಯೆಯಾಗಿ ಸಿಗುವುದಿಲ್ಲ, ಅಕ್ಷರಗಳಾಗಿ ಸಿಗುತ್ತದೆ. ಸಂಖ್ಯೆಗೆ ಬದಲಾಯಿಸಿಕೊಳ್ಳದೆ ಒಂದು ಕೂಡಿಸಲು ಹೋದರೆ ನಿಂತುಬಿಡುತ್ತದೆ. ಬಳಸುವವರನ್ನು ನಡುವೆ ಪ್ರಶ್ನೆ ಕೇಳುವ ಆಸೆಯನ್ನೂ ಬಿಡಿ. ಈ ರೀತಿಯಲ್ಲಿ ಎದುರಿಗೆ ಯಾರೂ ಕೂತಿಲ್ಲ ಎಂದೇ ಆರ್ ತಿಳಿಯುತ್ತದೆ, ಉತ್ತರಕ್ಕೆ ಕಾಯದೆ ಮುಂದೆ ಹೋಗುತ್ತದೆ. ನಕ್ಷೆ ಬರೆಸಿದರೆ ಪರದೆಯಲ್ಲಿ ಕಾಣಿಸದು. ಅದೇ ಫೋಲ್ಡರಿನಲ್ಲಿ ಒಂದು ಪಿಡಿಎಫ್ ಆಗಿ ಬಂದಿರುತ್ತದೆ, ಹುಡುಕಿಕೊಳ್ಳಿ.

ಇನ್ನು ಮಾಹಿತಿಯ ಕಡೆಯ ತೊಂದರೆಗಳು. ಇವು ನಮ್ಮವೇ. ಮೊದಲನೆಯದು ಹೆಸರು. ಮೊಹಮ್ಮದ್, ಮಹಮ್ಮದ್, ಮುಹಮ್ಮದ್, ಎಂ.ಡಿ., ಇವೆಲ್ಲ ಒಬ್ಬನೇ ಹುಡುಗ ಎಂದು ನಮಗೆ ಗೊತ್ತು, ಕಂಪ್ಯೂಟರಿಗೆ ನಾಲ್ವರು. ಆಧಾರ್‌ನಲ್ಲಿ ಒಂದು, ಅಂಕಪಟ್ಟಿಯಲ್ಲಿ ಒಂದು, ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಮತ್ತೊಂದು. ಆದ್ದರಿಂದ ಎರಡು ಪಟ್ಟಿಗಳನ್ನು ಹೆಸರಿನಿಂದ ಜೋಡಿಸಲೇಬೇಡಿ, ಅರ್ಜಿ ಸಂಖ್ಯೆಯಿಂದ ಜೋಡಿಸಿ. ಅರ್ಜಿ ಸಂಖ್ಯೆ 0047 ಇದ್ದರೆ ಎಕ್ಸೆಲ್ ಆಗಲಿ ಆರ್ ಆಗಲಿ ಅದನ್ನು 47 ಮಾಡಿಬಿಡುತ್ತದೆ. ಆ ಕಾಲಂ ಅಕ್ಷರ ಎಂದು ಓದುವಾಗಲೇ ಹೇಳಿಬಿಡಬೇಕು.

ಎರಡನೆಯದು ಆದಾಯ. ನಮ್ಮ ಪದ್ಧತಿಯಂತೆ 1,20,000 ಎಂದು ಅಲ್ಪವಿರಾಮ ಹಾಕಿ ಬರೆದಿರುತ್ತಾರೆ. ಆರ್ ಅದನ್ನು ಸಂಖ್ಯೆ ಎಂದು ಒಪ್ಪುವುದಿಲ್ಲ, ಪಠ್ಯ ಎಂದು ಓದುತ್ತದೆ. 2020ರ ಏಪ್ರಿಲ್‌ನಲ್ಲಿ 4.0.0 ಆವೃತ್ತಿ ಬರುವವರೆಗೆ ಇಂತಹ ಪಠ್ಯವನ್ನು ಅದು ತಾನಾಗಿಯೇ ವರ್ಗಗಳಾಗಿ ಬದಲಾಯಿಸುತ್ತಿತ್ತು. ಅದನ್ನು ನೇರವಾಗಿ ಸಂಖ್ಯೆ ಮಾಡು ಎಂದರೆ ವರ್ಗದ ಕ್ರಮಸಂಖ್ಯೆಯನ್ನು ಕೊಡುತ್ತಿತ್ತು. ಅಂದರೆ ಒಬ್ಬರ ವಾರ್ಷಿಕ ಆದಾಯ 3, ಇನ್ನೊಬ್ಬರದು 17! ಅರ್ಜಿದಾರರೆಲ್ಲ ಮಿತಿಯ ಒಳಗೇ. ದೋಷದ ಸಂದೇಶ ಒಂದೂ ಇಲ್ಲ. ಹೊಸ ಆವೃತ್ತಿಯಲ್ಲಿ ಅದೇ ಸ್ಕ್ರಿಪ್ಟ್ ಎಚ್ಚರಿಕೆ ಕೊಟ್ಟು ಆ ಜಾಗವನ್ನು ಖಾಲಿ ಎಂದು ಗುರುತು ಮಾಡುತ್ತದೆ. ಒಂದೇ ಸ್ಕ್ರಿಪ್ಟ್, ಎರಡು ಯಂತ್ರ, ಎರಡು ಉತ್ತರ. ಇದಕ್ಕೇ ಸ್ಕ್ರಿಪ್ಟಿನ ಕೊನೆಯಲ್ಲಿ ಸೆಷನ್‌ಇನ್ಫೋ ಎಂಬ ಒಂದು ಸಾಲು ಹಾಕಿ, ಯಾವ ಆವೃತ್ತಿಯಲ್ಲಿ ಲೆಕ್ಕ ಆಯಿತು ಎಂದು ಬರೆಸಿಡಬೇಕು. ಸನದಿನಲ್ಲಿ ಅದೂ ಒಂದು ಕೊಂಡಿ.

ಕೊನೆಯ ಒಂದು ವಿದ್ಯಾರ್ಥಿವೇತನಕ್ಕೆ ಮೂವರಿಗೆ ಸಮಾನ ಅಂಕ, ಸಮಾನ ಆದಾಯ ಇದ್ದರೆ ಚೀಟಿ ಎತ್ತುತ್ತೀರಲ್ಲ, ಅದನ್ನೂ ಆರ್ ಮಾಡುತ್ತದೆ. ಎತ್ತುವ ಮೊದಲು ಸೆಟ್‌ಸೀಡ್ ಎಂದು ಒಂದು ಸಂಖ್ಯೆ ಕೊಟ್ಟರೆ ಮುಂದೆ ಯಾರು ನಡೆಸಿದರೂ ಅದೇ ಚೀಟಿ ಬರುತ್ತದೆ. ಆ ಸಂಖ್ಯೆಯನ್ನು ಸಮಿತಿಯ ಸಭೆಯಲ್ಲಿ ಎಲ್ಲರೆದುರು ನಿರ್ಧರಿಸಬೇಕು. ಒಬ್ಬರೇ ಕುಳಿತು, ಬೇಕಾದ ಹೆಸರು ಬರುವವರೆಗೆ ಸಂಖ್ಯೆ ಬದಲಾಯಿಸುತ್ತಾ ಹೋದರೆ ಯಾವ ತಂತ್ರಾಂಶವೂ ತಡೆಯುವುದಿಲ್ಲ. ಇಲ್ಲಿಯೂ ಆವೃತ್ತಿ ಮುಖ್ಯ: ಚೀಟಿ ಎತ್ತುವ ಒಳಗಿನ ವಿಧಾನ 2019ರ 3.6.0 ಆವೃತ್ತಿಯಲ್ಲಿ ಬದಲಾಗಿದೆ.

ತಪ್ಪು ಕಂಡರೆ ನಿಲ್ಲುವಂತೆಯೂ ಬರೆಯಬೇಕು. ಅಂಕ 625 ಮೀರಿದೆಯೇ, ಒಂದೇ ಅರ್ಜಿ ಸಂಖ್ಯೆ ಎರಡು ಸಲ ಇದೆಯೇ, ಓದಿದ ಅರ್ಜಿಗಳ ಲೆಕ್ಕ ರಿಜಿಸ್ಟರಿನ ಲೆಕ್ಕಕ್ಕೆ ತಾಳೆಯಾಗುತ್ತದೆಯೇ ಎಂದು ಮೊದಲೇ ನೋಡಿ, ಇಲ್ಲವಾದರೆ ಸ್ಟಾಪ್ ಎನ್ನಬೇಕು. ಕಮಾಂಡ್ ಲೈನ್‌ನಲ್ಲಿ ಹೀಗೆ ನಿಂತ ಸ್ಕ್ರಿಪ್ಟ್ ಅಲ್ಲಿಂದ ಮುಂದೆ ಒಂದು ಸಾಲೂ ನಡೆಸುವುದಿಲ್ಲ. ಮುಗಿದಾಗ ಸೊನ್ನೆ ಅಲ್ಲದ ಒಂದು ಸಂಖ್ಯೆಯನ್ನು ವ್ಯವಸ್ಥೆಗೆ ಹಿಂದಿರುಗಿಸುತ್ತದೆ. ಸೊನ್ನೆ ಎಂದರೆ ಎಲ್ಲ ಸುಸೂತ್ರ. ಅದನ್ನು ನೋಡಿಕೊಂಡು ಮುಂದಿನ ಕೆಲಸ, ಅಂದರೆ ಆಯ್ಕೆಪತ್ರ ಮುದ್ರಿಸುವುದು, ನಡೆಯಬೇಕೇ ಬೇಡವೇ ಎಂದು ತೀರ್ಮಾನಿಸಬಹುದು. ಅರ್ಧ ಪಟ್ಟಿ ಹೊರಬೀಳುವುದಕ್ಕಿಂತ ಪಟ್ಟಿಯೇ ಬಾರದಿರುವುದು ಮೇಲು.

ವಿದ್ಯಾರ್ಥಿಗಳಿಗೆ ಮಾತ್ರ ಎರಡು ಮಾತು. ರಾಷ್ಟ್ರೀಯ ಮಾದರಿ ಸಮೀಕ್ಷೆಯ, 2017-18ರಲ್ಲಿ ಆರಂಭವಾದ ಕಾರ್ಮಿಕ ಸಮೀಕ್ಷೆಯ ಮೂಲ ಮಾಹಿತಿಯನ್ನು ಕೇಂದ್ರ ಸಾಂಖ್ಯಿಕ ಸಚಿವಾಲಯ ಹೆಸರು ನೋಂದಾಯಿಸಿಕೊಂಡವರಿಗೆ ಕೊಡುತ್ತದೆ. ಲಕ್ಷಗಟ್ಟಲೆ ಸಾಲು. ಎಕ್ಸೆಲ್ ಹಾಳೆಗೆ 10,48,576 ಸಾಲಿನ ಮಿತಿ ಇದೆ. ಅದು ಸಾಕಾದರೂ ಪ್ರತಿ ಸಾಲಿನ ತೂಕ ಹಾಕಿ ಲೆಕ್ಕ ಮಾಡಲು ಕೈಕೆಲಸ ಆಗದು. ನಮ್ಮ ಸಮುದಾಯದ ಬಗ್ಗೆ ಇತರರು ತೆಗೆದ ಸಂಖ್ಯೆಗಳನ್ನು ಉರು ಹೊಡೆಯುವ ಬದಲು ನೀವೇ ತೆಗೆದು, ಸ್ಕ್ರಿಪ್ಟನ್ನೂ ಜೊತೆಗೆ ಕೊಡಬಹುದು. ಒಪ್ಪದವರು ಓಡಿಸಿ ನೋಡಲಿ. ಉನ್ನತ ಸಂಶೋಧನೆಗೆ ಹೋಗುವವರಿಗೆ ಬೇರೆ ದಾರಿಯೂ ಇಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಶುರುವಾದ ಪರಮ್ ಪ್ರವೇಗದಂತಹ ಸೂಪರ್ ಕಂಪ್ಯೂಟರಿನ ಮುಂದೆ ಯಾರೂ ಕುಳಿತು ಕ್ಲಿಕ್ ಮಾಡುವುದಿಲ್ಲ. ದೂರದಿಂದ ಸ್ಕ್ರಿಪ್ಟ್ ಬರೆದು ಸರದಿಗೆ ಹಾಕಿ ಬರುತ್ತಾರೆ.

ಇತ್ತೀಚೆಗೆ ಕೃತಕ ಬುದ್ಧಿಮತ್ತೆಯ ಚಾಟ್ ತಂತ್ರಾಂಶಗಳೇ ಸ್ಕ್ರಿಪ್ಟ್ ಬರೆದುಕೊಡುತ್ತವಲ್ಲ ಎಂದು ಕೆಲವರು ಕೇಳುತ್ತೀರಿ. ಬರೆಸಿ, ಬೇಡ ಎನ್ನುವುದಿಲ್ಲ. ಆದರೆ ಪ್ರತಿ ಸಾಲೂ ಏನು ಮಾಡುತ್ತದೆ ಎಂದು ನಿಮಗೆ ವಿವರಿಸಲು ಬರಬೇಕು. ಮತ್ತು ಅರ್ಜಿದಾರರ ಹೆಸರು, ಫೋನ್, ತಂದೆಯ ಆದಾಯ ಇರುವ ಫೈಲನ್ನು ಅದಕ್ಕೆ ಕೊಡಬೇಡಿ. ಜನ ತಮ್ಮ ಬಡತನವನ್ನು ಸಂಘದ ಮುಂದೆ ಬರೆದುಕೊಟ್ಟದ್ದು ಅಮಾನತ್; ಕಚೇರಿಯ ಕಂಪ್ಯೂಟರಿನಿಂದ ಅದು ಹೊರಗೆ ಹೋಗಬಾರದು. ಸ್ಕ್ರಿಪ್ಟ್ ಕಲಿಯಲು ಐದು ಕಾಲ್ಪನಿಕ ಹೆಸರುಗಳ ಪಟ್ಟಿ ಸಾಕು.

ಹಿರಿಯರಲ್ಲಿ ಒಂದು ಬೇಡಿಕೆ ಇಡುತ್ತೇನೆ. ಮುಂದಿನ ಆಯ್ಕೆ ಸಮಿತಿಯ ಸಭೆಗೆ ಮೂವರು ವಿದ್ಯಾರ್ಥಿಗಳನ್ನು ಕರೆಯಿರಿ, ಅದರಲ್ಲಿ ಹೆಣ್ಣುಮಕ್ಕಳೂ ಇರಲಿ. ಅರ್ಜಿ ತೆರೆಯುವ ಮೊದಲೇ ನಿಯಮಗಳನ್ನು ಬರೆದುಕೊಡಿ. ಒಬ್ಬರು ಸ್ಕ್ರಿಪ್ಟ್ ಬರೆಯಲಿ, ಇನ್ನೊಬ್ಬರು ಓದಿ ನೋಡಲಿ, ಮೂರನೆಯವರು ಬೇರೆ ಯಂತ್ರದಲ್ಲಿ ಓಡಿಸಲಿ. ಎರಡು ಪಟ್ಟಿಗಳು ಒಂದೇ ಆಗಿದ್ದರೆ ಅಧ್ಯಕ್ಷರು ಸಹಿ ಹಾಕಲಿ. ಮೂಲ ಫೈಲ್, ಸ್ಕ್ರಿಪ್ಟ್, ಪಟ್ಟಿ ಮೂರನ್ನೂ ಆ ವರ್ಷದ ಹೆಸರಿನ ಫೋಲ್ಡರಿನಲ್ಲಿ ಇಟ್ಟು ಒಂದು ಪ್ರತಿಯನ್ನು ಬೇರೆ ಡಿಸ್ಕಿನಲ್ಲೂ ಇಡಿ. ಮೊದಲ ವರ್ಷ ಕೈಯಿಂದ ಮಾಡುವುದಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತದೆ, ಅದಕ್ಕೆ ಸಿದ್ಧರಿರಿ. ಮರುವರ್ಷ ವರ್ಷದ ಸಂಖ್ಯೆಯೊಂದನ್ನು ಬದಲಾಯಿಸಿ ಎಂಟರ್ ಒತ್ತಿದರಾಯಿತು.

ವಿದ್ಯಾರ್ಥಿಗಳು ಊಟದ ನಂತರ ಕೆಳಗಿನ ಕೋಣೆಗೆ ಬನ್ನಿ. ಲ್ಯಾಪ್‌ಟಾಪ್ ತಂದಿದ್ದೇನೆ, ಆರ್ ತಂತ್ರಾಂಶವನ್ನು ಪೆನ್‌ಡ್ರೈವಿನಲ್ಲಿ ಹಾಕಿಕೊಡುತ್ತೇನೆ. ಪಾತ್ ಸೇರಿಸುವುದನ್ನು ಒಟ್ಟಿಗೇ ಮಾಡೋಣ. ಮನೆಯಲ್ಲಿ ಒಬ್ಬರೇ ಕುಳಿತು ಮಾಡಿದರೆ ಅರ್ಧದಷ್ಟು ಜನ ಅಲ್ಲಿಗೇ ಕೈಬಿಡುತ್ತೀರಿ.